ಮಲೆನಾಡಿನಲ್ಲಿ 50 ಕಿಲೋಮೀಟರ್: ತೀರ್ಥಹಳ್ಳಿಯಿಂದ ಹೊಸನಗರದವರೆಗೆ ಓಡುವವರಿಗೆ

ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ಅದಕ್ಕಿಂತ ಉದ್ದದ ಓಟ ಯಾವುದೇ ಆಗಲಿ, ಅದು ಅಲ್ಟ್ರಾ ಮ್ಯಾರಥಾನ್. 50, 80, 100, 160 ಕಿ.ಮೀ. ಅಂತ ಹಲವು ಬಗೆ ಇವೆ. ನಾನಿಲ್ಲಿ ಹೇಳುತ್ತಿರುವುದು 50ರ ಬಗ್ಗೆ ಮಾತ್ರ. 21 ಕಿ.ಮೀ. ಓಡಿ ಮರುದಿನ ಮೆಟ್ಟಿಲು ಹತ್ತಿ ಇಳಿಯಲು ತೊಂದರೆ ಇಲ್ಲದವರು ಮುಂದೆ ಓದಿ. ಅಷ್ಟು ಇನ್ನೂ ಆಗದವರು ಒಂದು ವರ್ಷ ತಡೆಯಿರಿ. ಈ ದಾರಿಯ ಕೋಟೆಗಳು ಮುನ್ನೂರು ವರ್ಷದಿಂದ ಅಲ್ಲೇ ನಿಂತಿವೆ, ಇನ್ನೊಂದು ವರ್ಷವೂ ಇರುತ್ತವೆ.

ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ಮಲ್ನಾಡ್ ಅಲ್ಟ್ರಾ ಅನ್ನುವ ಸ್ಪರ್ಧೆ ನಡೆಯುತ್ತದೆ. ದುಡ್ಡು ಕಟ್ಟಿ ಹೆಸರು ಕೊಟ್ಟರೆ ನೀರು, ಊಟ, ದಾರಿಯ ಗುರುತು ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಮೊದಲ ಸಲಕ್ಕೆ ಅದು ಒಳ್ಳೆಯದೇ. ಆದರೆ ನಾಲ್ಕೈದು ಜನ ಸ್ನೇಹಿತರು ಸೇರಿ, ಹಿಂದೆ ಒಂದು ಕಾರು ಇಟ್ಟುಕೊಂಡು, ನಮ್ಮ ಪಾಡಿಗೆ ನಾವು ಓಡುವುದರಲ್ಲಿ ಬೇರೆ ಸುಖ ಇದೆ. ಪದಕ ಇಲ್ಲ, ಫೋಟೋ ತೆಗೆಯುವವರಿಲ್ಲ, ಟೀ ಕುಡಿಯಲು ನಿಂತರೆ ಕೇಳುವವರಿಲ್ಲ. ಈ ಲೇಖನ ಅಂಥ ಓಟಕ್ಕೆ.

ದಾರಿ

ತೀರ್ಥಹಳ್ಳಿಯಲ್ಲಿ ತುಂಗಾ ದಡದಿಂದ ಹೊರಟು, ಕವಲೇದುರ್ಗದ ಸೀಮೆ ಹಾದು, ನಗರ ಅನ್ನುವ ಊರಿಗೆ ಬಂದು, ಅಲ್ಲಿಂದ ಹೊಸನಗರ. ಒಟ್ಟು 50 ಕಿ.ಮೀ. ಆಸುಪಾಸು. ಎಲ್ಲಿಂದ ಶುರು ಮಾಡುತ್ತೀರಿ, ಎಲ್ಲಿ ಒಳದಾರಿ ಹಿಡಿಯುತ್ತೀರಿ ಅನ್ನುವುದರ ಮೇಲೆ ಎರಡು ಮೂರು ಕಿಲೋಮೀಟರ್ ಹೆಚ್ಚು ಕಡಿಮೆ ಆಗುತ್ತದೆ. ಅದಕ್ಕೇ ಓಡುವ ಮುಂಚೆ ಒಂದು ದಿನ ಬೈಕಿನಲ್ಲಿ ಇಡೀ ದಾರಿ ಹೋಗಿ ಬನ್ನಿ. ಮೀಟರ್ ನೋಡಿ ಬರೆದುಕೊಳ್ಳಿ. ಅಂಗಡಿ ಎಲ್ಲಿದೆ, ಬಾವಿ ಇರುವ ಮನೆ ಎಲ್ಲಿದೆ, ಎಲ್ಲಿ ಮೊಬೈಲ್ ಸಿಗ್ನಲ್ ಸಾಯುತ್ತದೆ, ಯಾವ ಚಡಾವು ಉದ್ದ ಅನ್ನುವುದು ಅವತ್ತೇ ಗೊತ್ತಾಗಬೇಕು. ಗೂಗಲ್ ಮ್ಯಾಪಿನ ಗೆರೆಯಲ್ಲಿ ಮಲೆನಾಡಿನ ಏರು ಕಾಣುವುದಿಲ್ಲ.

ಈ ದಾರಿ ಯಾಕೆ ಅಂದರೆ, ಇದು ಕೆಳದಿ ಅರಸರ ಸೀಮೆ. ಅವರ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, 17ನೇ ಶತಮಾನದಲ್ಲಿ ಬಿದನೂರು. ಘಟ್ಟದ ಮೇಲಿನ ಮೆಣಸು, ಅಕ್ಕಿ ಇಳಿದು ಕರಾವಳಿಯ ಬಂದರುಗಳಿಗೆ ಹೋಗುತ್ತಿದ್ದ ಕಾಲ ಅದು. ಆ ವ್ಯಾಪಾರದ ದುಡ್ಡಿನಲ್ಲೇ ಬಿದನೂರು ಬೆಳೆಯಿತು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಜಮೀನಿನ ಫಸಲು ನೋಡಿ ಕಂದಾಯ ಕಟ್ಟಿದ. ಅದನ್ನೇ ಶಿವಪ್ಪ ನಾಯಕನ ಶಿಸ್ತು ಅನ್ನುವುದು. ರಾಣಿ ಚೆನ್ನಮ್ಮ 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು. ಬೆನ್ನಟ್ಟಿದ್ದ ಮೊಘಲರಿಂದ ತಪ್ಪಿಸಿಕೊಂಡು ಅವನು ಇಲ್ಲಿಂದ ಜಿಂಜಿಯವರೆಗೆ ಹೋದ. ನಮ್ಮ 50 ಕಿಲೋಮೀಟರ್ ಅದರ ಮುಂದೆ ಏನೂ ಅಲ್ಲ ಬಿಡಿ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್ ನಗರ ಅಂತ ಹೆಸರಿಟ್ಟ. ಈಗಿನ ನಗರ ಅದೇ ಊರು. 1783ರಲ್ಲಿ ಅದು ಇಂಗ್ಲಿಷರ ಕೈಗೆ ಹೋಗಿ, ಅದೇ ವರ್ಷ ಟಿಪ್ಪು ವಾಪಸ್ ಕಸಿದುಕೊಂಡ.

ಕವಲೇದುರ್ಗದ ಕೋಟೆಯನ್ನು ಓಟದ ದಿನ ಹತ್ತಬೇಡಿ. ತೀರ್ಥಹಳ್ಳಿಯಿಂದ ಸುಮಾರು 18 ಕಿ.ಮೀ. ದೂರ. ಗದ್ದೆ ಬದಿಯಿಂದ ಹೋಗಿ ಕಲ್ಲು ಹಾಸಿದ ದಾರಿಯಲ್ಲಿ ಸುತ್ತಿನ ಮೇಲೆ ಸುತ್ತು ಹತ್ತಬೇಕು. ಆ ಕಲ್ಲಿಗೆ ಇಬ್ಬನಿ ಬಿದ್ದಿದ್ದರೆ ಓಡುವ ಬೂಟು ನಿಲ್ಲುವುದಿಲ್ಲ. ಒಂದು ಸಲ ಕಾಲು ಉಳುಕಿದರೆ ಉಳಿದ 30 ಕಿ.ಮೀ. ಮುಗಿದ ಹಾಗೇ. ಎರಡು ದಿನ ಮೊದಲೇ ಬಂದು, ಚಪ್ಪಲಿ ಹಾಕಿಕೊಂಡು, ನಿಧಾನ ನಡೆದು ನೋಡಿ. ಮೇಲಿನ ದೇವಸ್ಥಾನದ ಮುಂದೆ ಕೂತು ಸುತ್ತಲ ಗುಡ್ಡ ಎಣಿಸಿ. ನಗರದ ಕೋಟೆಯದು ಆ ತೊಂದರೆ ಇಲ್ಲ. ರಸ್ತೆ ಪಕ್ಕದಲ್ಲೇ ಇದೆ, ಅವತ್ತೇ ಒಳಗೆ ಹೋಗಿ ಬರಬಹುದು.

ಆಗುಂಬೆ ಘಾಟಿಯಲ್ಲಿ ಓಡಬೇಕು ಅನ್ನುವವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. 14 ಕಡಿದಾದ ತಿರುವು, ಬದಿಗೆ ಸರಿಯಲು ಜಾಗ ಇಲ್ಲ, ಎದುರಿಗೆ ಉಡುಪಿ ಬಸ್ಸು. ಮೇಲೆ ನಿಂತು ಸೂರ್ಯಾಸ್ತ ನೋಡಲು ಸರಿ. ಓಡಲು ಅಲ್ಲ.

ಯಾವಾಗ

ಇದೇ ಎಲ್ಲಕ್ಕಿಂತ ಮುಖ್ಯ. ಬೇರೆ ಊರಿನಲ್ಲಿ ರಜೆ ನೋಡಿಕೊಂಡು ತಾರೀಕು ಗೊತ್ತು ಮಾಡುತ್ತಾರೆ. ಇಲ್ಲಿ ಮಳೆ, ಇಂಬಳ (ಜಿಗಣೆ), ಉಣುಗು (ಉಣ್ಣೆ ಹುಳ) ಮೂರನ್ನೂ ಕೇಳಿ ಗೊತ್ತು ಮಾಡಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತೇ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ನಗರದ ಕಡೆಯೂ ಏನು ಕಡಿಮೆ ಇಲ್ಲ. ಮರ ಬೀಳುತ್ತದೆ, ಕರೆಂಟ್ ತಂತಿ ಜೋತಾಡುತ್ತದೆ, ಹಳ್ಳ ರಸ್ತೆ ಮೇಲೆ ಹರಿಯುತ್ತದೆ. ಅಕ್ಟೋಬರಿನಲ್ಲಿ ಸಂಜೆ ಗುಡುಗಿನ ಮಳೆ. ನೆಲ ಇನ್ನೂ ಹಸಿ, ಇಂಬಳ ಇನ್ನೂ ಇರುತ್ತವೆ.

ಮಳೆ ನಿಂತು ನೆಲ ಒಣಗಿತು, ಇನ್ನು ನಿರಾಳ ಅಂದುಕೊಳ್ಳುವ ಹೊತ್ತಿಗೆ ಉಣುಗು ಶುರು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ವೈರಸ್ ಹರಡುವುದು ಉಣುಗು ಕಚ್ಚಿ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಯಿಲೆಯ ಕಾಲ. ಜನವರಿ ದಾಟಿದ ಮೇಲೆ ಜೋರು. ತೀರ್ಥಹಳ್ಳಿ, ಹೊಸನಗರ, ಸಾಗರ ಮೂರೂ ತಾಲ್ಲೂಕುಗಳಲ್ಲಿ ಇದು ಬಂದು ಜನ ಸತ್ತಿದ್ದಾರೆ.

ಹಾಗಾಗಿ ನವೆಂಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರದವರೆಗೆ ಒಂದು ಸಣ್ಣ ಕಿಂಡಿ ಸಿಗುತ್ತದೆ. ಬೆಳಗ್ಗೆ ಚಳಿ, ಹಸಿರು ಇನ್ನೂ ಇರುತ್ತದೆ, ಹಳ್ಳದಲ್ಲಿ ನೀರು ಇರುತ್ತದೆ. ಗದ್ದೆ ಕೊಯ್ಲು, ಅಡಿಕೆ ಕೊನೆಕೊಯ್ಲು ಎರಡೂ ನಡೆಯುವ ಸಮಯ. ಎಲ್ಲರ ಅಂಗಳದಲ್ಲೂ ಅಡಿಕೆ. ರಸ್ತೆಯಲ್ಲಿ ಪಿಕಪ್ ಗಾಡಿ ಓಡಾಟ ಜಾಸ್ತಿ. ಅದೊಂದನ್ನು ಸಹಿಸಿಕೊಂಡರೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಇನ್ನೊಂದು ಮಾತು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ತಾರೀಕು ಮೊದಲೇ ನೋಡಿಕೊಳ್ಳಿ. ತೆಪ್ಪೋತ್ಸವ ನೋಡಲು ಸುತ್ತಲ ಊರಿನವರೆಲ್ಲ ಬಂದಿರುತ್ತಾರೆ. ಆಗ ಲಾಡ್ಜಿನಲ್ಲಿ ರೂಮು ಹುಡುಕುವುದು ಓಟಕ್ಕಿಂತ ಕಷ್ಟ.

ತಯಾರಿ: 20 ವಾರ

ನವೆಂಬರ್ ಕೊನೆಗೆ ಓಡಬೇಕು ಅಂದರೆ ಜುಲೈ ನಡುವೆ ಶುರು ಮಾಡಬೇಕು. ಅಂದರೆ ಸರಿಯಾಗಿ ಪುನರ್ವಸು ಮಳೆಯ ಹೊತ್ತು. ಇದೇ ಮಲೆನಾಡಿನ ಓಟಗಾರನ ಹಣೆಬರಹ. ಒಣ ದಿನದ ಓಟಕ್ಕೆ ಒದ್ದೆ ದಿನಗಳಲ್ಲಿ ತಯಾರಾಗಬೇಕು. ಎರಡು ಜೊತೆ ಬೂಟು ಇಟ್ಟುಕೊಳ್ಳಿ. ಒದ್ದೆಯಾದದ್ದರ ಅಟ್ಟೆ ತೆಗೆದು ಹಳೇ ಪೇಪರ್ ತುರುಕಿ ಇಡಿ. ಬಚ್ಚಲ ಒಲೆಯ ಹತ್ತಿರ ಇಟ್ಟರೆ ಬೇಗ ಒಣಗುತ್ತದೆ ನಿಜ, ಆದರೆ ಅಂಟು ಬಿಡುತ್ತದೆ. ರಸ್ತೆಯ ಅಂಚು ಪಾಚಿ ಕಟ್ಟಿರುತ್ತದೆ, ಆಮೇಲೆ ಅದರ ಮೇಲೆ ಕಾಲಿಟ್ಟರೆ ನೇರ ಚರಂಡಿ.

ವಾರಕ್ಕೆ ನಾಲ್ಕು ದಿನ ಓಡಿದರೆ ಸಾಕು. ಮೊದಲ 8 ವಾರ ಭಾನುವಾರದ ಉದ್ದ ಓಟವನ್ನು 18 ಕಿ.ಮೀ.ಯಿಂದ 28ಕ್ಕೆ ಮೆಲ್ಲಗೆ ಏರಿಸಿ. ಆಮೇಲಿನ 9 ವಾರ ಶನಿವಾರ, ಭಾನುವಾರ ಎರಡೂ ದಿನ ಓಡಿ. ಶನಿವಾರ 15, ಭಾನುವಾರ 25ರಲ್ಲಿ ಶುರು ಮಾಡಿ, 20 ಮತ್ತು 32ರವರೆಗೆ ಹೋಗಿ. ದಣಿದ ಕಾಲಿನಲ್ಲಿ ಓಡುವ ಅಭ್ಯಾಸ ಹಾಗೆ ಬರುತ್ತದೆ. ಒಂದೇ ದಿನ 45 ಕಿ.ಮೀ. ಓಡಿ ಹತ್ತು ದಿನ ಮಲಗುವುದರಲ್ಲಿ ಅರ್ಥ ಇಲ್ಲ. ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಕಡಿಮೆ ಮಾಡಿ. ಕೊನೆಯ 3 ವಾರ ಇಳಿಸುತ್ತಾ ಬನ್ನಿ. ಆಗ ಮೈ ಹಗುರಾಗಿ ಇನ್ನೊಂದು ಉದ್ದ ಓಟ ಹಾಕೋಣ ಅನಿಸುತ್ತದೆ. ಬೇಡ, ಸುಮ್ನಿರಿ.

ಶಿವಮೊಗ್ಗ ಪೇಟೆಯಲ್ಲಿ ಇರುವವರಿಗೆ ಒಂದು ತೊಂದರೆ. ನೆಹರು ಸ್ಟೇಡಿಯಂ ಚಪ್ಪಟೆ, ತುಂಗಾ ನಾಲೆ ಏರಿ ಅದಕ್ಕಿಂತ ಚಪ್ಪಟೆ. ದೂರ ಸಿಗುತ್ತದೆ, ಏರು ಸಿಗುವುದಿಲ್ಲ. ತಿಂಗಳಿಗೆ ಎರಡು ಸಲವಾದರೂ ತೀರ್ಥಹಳ್ಳಿಯ ಮೇಲಕ್ಕೆ ಬಂದು ಓಡಿ.

ಏರಿನ ಬಗ್ಗೆ ಎಲ್ಲರೂ ಹೆದರುತ್ತಾರೆ. ಹೆದರಬೇಕಾದದ್ದು ಇಳಿಜಾರಿಗೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಸ್ನಾಯುವಿನ ಎಳೆಗಳಿಗೆ ಜಾಸ್ತಿ ಪೆಟ್ಟು ಬೀಳುವುದು ಆಗಲೇ. ಉಸಿರು ಆರಾಮಾಗಿರುವುದರಿಂದ ಗೊತ್ತೇ ಆಗುವುದಿಲ್ಲ. 35 ಕಿ.ಮೀ. ಆದ ಮೇಲೆ ಮಂಡಿ ಮಡಚಿದರೆ ಕಾಲು ನಿಲ್ಲುವುದಿಲ್ಲ, ಆಗ ಗೊತ್ತಾಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 1921ರಿಂದ ಕಾಮ್ರೇಡ್ಸ್ ಅನ್ನುವ ಸುಮಾರು 90 ಕಿ.ಮೀ. ಓಟ ನಡೆಯುತ್ತಿದೆ. ಸಾಮಾನ್ಯವಾಗಿ ಒಂದು ವರ್ಷ ಸಮುದ್ರದ ಕಡೆಯಿಂದ ಮೇಲಕ್ಕೆ, ಇನ್ನೊಂದು ವರ್ಷ ಮೇಲಿನಿಂದ ಸಮುದ್ರದ ಕಡೆಗೆ. ಇಳಿಯುವ ವರ್ಷವೇ ಕಾಲಿಗೆ ಜಾಸ್ತಿ ನೋವು ಅನ್ನುವ ಓಟಗಾರರು ಅಲ್ಲಿ ಬಹಳ. ಒಳ್ಳೆಯ ವಿಷಯ ಏನಂದರೆ, ಒಂದು ಸಲ ಇಳಿಜಾರಿನಲ್ಲಿ ಚೆನ್ನಾಗಿ ನೋವು ತಿಂದ ಸ್ನಾಯು ಮುಂದಿನ ಕೆಲವು ವಾರ ಅಷ್ಟು ನೋಯುವುದಿಲ್ಲ. ಅದಕ್ಕೇ ಕೊನೆಯ ಎರಡು ತಿಂಗಳಲ್ಲಿ ಹದಿನೈದು ದಿನಕ್ಕೊಮ್ಮೆ ಉದ್ದನೆಯ ಇಳಿಜಾರು ಹುಡುಕಿ ಓಡಿ. ಹೆಜ್ಜೆ ಚಿಕ್ಕದಿರಲಿ. ಹಿಂದಕ್ಕೆ ವಾಲಿ ಹಿಮ್ಮಡಿ ಕುಟ್ಟಬೇಡಿ.

ಏರು ಬಂದರೆ ನಡೆಯಿರಿ. ಮೊದಲ ಏರಿನಿಂದಲೇ ನಡೆಯಿರಿ, ಸುಸ್ತಾದ ಮೇಲಲ್ಲ. ಅಲ್ಟ್ರಾ ಓಡುವವರಲ್ಲಿ ಬಹುತೇಕರು ಹೀಗೇ ಮಾಡುತ್ತಾರೆ, ನಾಚಿಕೆಪಡುವುದು ಏನಿಲ್ಲ. ಆದರೆ ಆ ನಡಿಗೆಯನ್ನೂ ಅಭ್ಯಾಸ ಮಾಡಬೇಕು. ಕೈ ಬೀಸಿ, ಬಿರುಸಾಗಿ, ತಡವಾದ ಬಸ್ಸು ಹಿಡಿಯುವವರ ಹಾಗೆ.

ನಲವತ್ತು ದಾಟಿದವರು, ಬಿಪಿ, ಶುಗರ್ ಇರುವವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆಗಿದ್ದರೆ ಅಂಥವರು, ಜುಲೈಗೆ ಮುಂಚೆಯೇ ಡಾಕ್ಟರನ್ನು ಕಂಡು ಬನ್ನಿ.

ಕಾಲು ಮತ್ತು ಬಟ್ಟೆ

ಹೊತ್ತು ಏರಿದಂತೆ ಪಾದ ಊದುತ್ತದೆ. ಬೂಟು ಅರ್ಧ ಸೈಜು ದೊಡ್ಡದಿರಲಿ. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಬಡಿದು ಉಗುರು ಕಪ್ಪಾಗುತ್ತದೆ, ಎರಡು ಮೂರು ದಿನ ಮೊದಲೇ ಉಗುರು ಕತ್ತರಿಸಿ. ಹತ್ತಿಯ ಕಾಲುಚೀಲ ಬೇಡವೇ ಬೇಡ. ಅದು ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ, ಬೊಬ್ಬೆ (ಗುಳ್ಳೆ) ಗ್ಯಾರಂಟಿ. ತೊಡೆಸಂದು, ಕಂಕುಳು, ಗಂಡಸರಾದರೆ ಮೊಲೆತೊಟ್ಟು, ಹೆಂಗಸರಾದರೆ ಬ್ರಾ ಪಟ್ಟಿ ಉಜ್ಜುವ ಜಾಗಕ್ಕೆಲ್ಲ ಹೊರಡುವ ಮೊದಲು ವ್ಯಾಸಲಿನ್ ಹಚ್ಚಿ. ಕೊಬ್ಬರಿ ಎಣ್ಣೆ ಬೇಗ ಇಳಿದು ಹೋಗುತ್ತದೆ.

ಪಾದದ ಅಡಿಗೆ ಏನೋ ಚುಚ್ಚುತ್ತಿದೆ, ಬಿಸಿ ಆಗುತ್ತಿದೆ ಅನಿಸಿದ ಕೂಡಲೇ ನಿಂತು ಟೇಪು ಹಚ್ಚಿ. ಬೊಬ್ಬೆ ಎದ್ದ ಮೇಲೆ ಹಚ್ಚಿ ಏನೂ ಪ್ರಯೋಜನವಿಲ್ಲ.

ಉದ್ದ ಕಾಲುಚೀಲ ಹಾಕಿದರೆ ಇಂಬಳಕ್ಕೂ ಉಣುಗಿಗೂ ಅಷ್ಟರಮಟ್ಟಿಗೆ ತಡೆ. ಇಂಬಳ ಕಚ್ಚಿದರೆ ಗಾಬರಿ ಬೇಡ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇರುವುದರಿಂದ ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ, ಅಷ್ಟೇ. ಉಗುರಿನಿಂದ ಸರಿಸಿ ತೆಗೆದು, ತೊಳೆದು, ಒತ್ತಿ ಹಿಡಿಯಿರಿ. ಉಣುಗು ಹಾಗಲ್ಲ. ಆರೋಗ್ಯ ಇಲಾಖೆಯವರು ಕಾಡಿಗೆ ಹೋಗುವವರಿಗೆ ಅಂತ ಉಣುಗು ಹತ್ತಿರ ಬಾರದ ಹಾಗೆ ಮಾಡುವ ಡೆಪಾ ತೈಲ ಹಂಚುತ್ತಾರೆ. ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ಕೇಳಿ, ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಊರಿನ ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಏನು ತಿನ್ನಬೇಕು

ದೇಹದಲ್ಲಿ ಸಂಗ್ರಹ ಆಗಿರುವ ಸಕ್ಕರೆ ಅಂಶ ಎರಡು ಎರಡೂವರೆ ಗಂಟೆಯ ಓಟಕ್ಕೆ ಸಾಕಾದರೆ ಹೆಚ್ಚು. ನಮಗೆ ಬೇಕಿರುವುದು ಎಂಟೋ ಒಂಬತ್ತೋ ಗಂಟೆಯದ್ದು. ಹಾಗಾಗಿ ಹಸಿವಾಗಲಿ ಬಿಡಲಿ, ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗುತ್ತಿರಬೇಕು. ಮೊದಲ ಅರ್ಧ ಗಂಟೆ ಕಳೆದ ಕೂಡಲೇ ಶುರು.

ಪೇಟೆಯಲ್ಲಿ ಸಿಗುವ ಜೆಲ್ ಪೊಟ್ಟಣ ಒಂದಕ್ಕೆ ನೂರು ರೂಪಾಯಿ ಮೇಲೆ. ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನಾಲ್ಕು ಗಂಟೆ ಆದ ಮೇಲೆ ಆ ಸಿಹಿ ನೆನೆಸಿಕೊಂಡರೇ ವಾಕರಿಕೆ. ನಮ್ಮ ಕಡೆಯ ಲೆಕ್ಕ ಹೀಗೆ ಹಾಕಿ: ಎರಡು ಪುಟ್ಟಬಾಳೆ ಹಣ್ಣು ಅಂದರೆ 30 ಗ್ರಾಂ ಹತ್ತಿರ. ನಿಂಬೆ ಗಾತ್ರದ ಬೆಲ್ಲದ ಉಂಡೆಯಲ್ಲಿ 20 ಗ್ರಾಂ ಚಿಲ್ಲರೆ. ಒಂದು ಶೇಂಗಾ ಚಿಕ್ಕಿ, ಒಂದು ಬೇಯಿಸಿದ ಆಲೂಗಡ್ಡೆ ಉಪ್ಪು ಹಚ್ಚಿ, ಒಂದು ತುಂಡು ಕಡುಬು. ನಗರದಲ್ಲಿ ನಿಂತು ಗಂಜಿಗೆ ಅಪ್ಪೆಮಿಡಿ ಉಪ್ಪಿನಕಾಯಿ ನೆಂಚಿಕೊಂಡರೆ ಆಮೇಲೆ ಹತ್ತು ಕಿಲೋಮೀಟರಿಗೆ ಬೇರೇನೂ ಬೇಡ. ಉಪ್ಪಿನಕಾಯಿ ಸುಮ್ನೆ ರುಚಿಗೆ ಅಲ್ಲ, ಬೆವರಿನಲ್ಲಿ ಹೋದ ಉಪ್ಪು ಅದರಿಂದ ವಾಪಸ್ ಬರುತ್ತದೆ. ಅಕ್ಕಿ ರೊಟ್ಟಿ ಹೊಟ್ಟೆಯಲ್ಲಿ ಭಾರ, ಅದನ್ನು ಮುಗಿದ ಮೇಲೆ ತಿನ್ನಿ.

ನೀರು ಗಂಟೆಗೆ ಅರ್ಧ ಲೀಟರ್ ಲೆಕ್ಕ ಇಟ್ಟುಕೊಳ್ಳಿ. ಬಿಸಿಲು ಏರಿದ ಮೇಲೆ ಮುಕ್ಕಾಲು. ಬಾಯಾರಿಕೆ ಹೇಳಿದ ಹಾಗೆ ಕೇಳಿ. ಜಾಸ್ತಿ ಕುಡಿದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಂತಿ, ಬೆರಳು ಊದಿ ಉಂಗುರ ಬಿಗಿಯಾಗುವುದು, ಆಮೇಲೆ ಮಾತು ತಪ್ಪುವುದು. ಇದರಿಂದ ಓಟಗಾರರು ಸತ್ತಿದ್ದಾರೆ. ಗಂಟೆಗೆ 300ರಿಂದ 600 ಮಿಲಿಗ್ರಾಂ ಸೋಡಿಯಂ ಬೇಕು. ಕಾಲು ಟೀ ಚಮಚ ಉಪ್ಪಿನಲ್ಲಿ ಸುಮಾರು 575 ಮಿ.ಗ್ರಾಂ. ಇರುತ್ತದೆ. ಒಂದು ಲೀಟರಿಗೆ ಬೆರೆಸುವ ಓಆರ್‌ಎಸ್ ಪುಡಿಯಲ್ಲಿ 1,700 ಮಿ.ಗ್ರಾಂ. ಹತ್ತಿರ. ಅರ್ಧ ಲೀಟರ್ ಬಾಟಲಿಗೆ ಪೊಟ್ಟಣದ ಮೂರನೇ ಒಂದು ಭಾಗ ಹಾಕಿ, ಅರ್ಧ ನಿಂಬೆ ಹಿಂಡಿ, ಬೆಲ್ಲ ಕರಗಿಸಿದರೆ ಗಂಟೆಯ ಲೆಕ್ಕ ಸರಿಹೋಗುತ್ತದೆ. ಓಟಕ್ಕೆ ಬೇಕು ಅಂತ ಹೀಗೆ ಬದಲಿಸುವುದು ಸರಿ. ಭೇದಿ ಆದವರಿಗೆ ಮಾತ್ರ ಪೊಟ್ಟಣದ ಮೇಲೆ ಬರೆದ ಅಳತೆಯಲ್ಲೇ ಕೊಡಬೇಕು. ನೀರುಮಜ್ಜಿಗೆ, ಮುರುಗಲು ಶರಬತ್ತು ಎರಡೂ ಆಗುತ್ತದೆ, ಉಪ್ಪು ಹಾಕಿದ್ದರೆ.

ಇವೆಲ್ಲವನ್ನೂ ಭಾನುವಾರದ ಓಟದಲ್ಲೇ ತಿಂದು ನೋಡಿರಬೇಕು. ಓಟದ ದಿನ ಹೊಸ ತಿಂಡಿ ಬೇಡ.

ನೋವಿನ ಮಾತ್ರೆ ನುಂಗಿ ಓಡಬೇಡಿ. ಮೈಯಲ್ಲಿ ನೀರು ಕಡಿಮೆ ಇರುವಾಗ ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಯಾರಿಗೆ ಹೇಳಬೇಕು

ನಾಲ್ಕೈದು ಜನ ಸಾರ್ವಜನಿಕ ರಸ್ತೆಯಲ್ಲಿ ಓಡಲು ಯಾರ ಅಪ್ಪಣೆಯೂ ಬೇಡ. ಆದರೂ ತೀರ್ಥಹಳ್ಳಿ, ನಗರ, ಹೊಸನಗರ ಪೊಲೀಸ್ ಠಾಣೆಗಳಿಗೆ ಒಂದು ಮಾತು ಹೇಳಿಡುವುದು ಒಳ್ಳೆಯದು. ರಸ್ತೆ ಬಿಟ್ಟು ಕಾಡಿನ ದಾರಿ ಹಿಡಿಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕೇಳದೆ ನುಗ್ಗಬೇಡಿ. ಕೇಸು ಬೀಳುತ್ತದೆ, ಅದಕ್ಕಿಂತ ಮೊದಲು ಕಾಟಿ (ಕಾಡುಕೋಣ) ಎದುರಾಗುತ್ತದೆ.

ಕಾರಿನಲ್ಲಿ ಬರುವವರು ಸ್ಥಳೀಯರಾಗಿದ್ದರೆ ಅರ್ಧ ಕೆಲಸ ಆದ ಹಾಗೇ. ಅವರು ಐದು ಕಿಲೋಮೀಟರಿಗೊಮ್ಮೆ ಮುಂದೆ ಹೋಗಿ ಕಾಯಬೇಕು, ಬೆನ್ನಿಗೆ ಅಂಟಿಕೊಂಡು ಬರಬಾರದು. ಎಲ್ಲಿ ಸಿಗುತ್ತೇವೆ, ಎಷ್ಟು ಹೊತ್ತಿಗೆ ಅನ್ನುವುದನ್ನು ಕಾಗದದಲ್ಲಿ ಬರೆದು ಇಬ್ಬರ ಹತ್ತಿರವೂ ಇರಲಿ. ಸಿಗ್ನಲ್ ನಂಬಿಕೊಂಡರೆ ಆಗುವುದಿಲ್ಲ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ತಡವಾದರೆ ಕಾರು ಹಿಂದಕ್ಕೆ ಬಂದು ಹುಡುಕಬೇಕು ಅನ್ನುವುದು ಮೊದಲೇ ಮಾತಾಗಿರಲಿ. ಆಂಬುಲೆನ್ಸಿಗೆ 108, ಪೊಲೀಸಿಗೆ 112, ಅರಣ್ಯ ಇಲಾಖೆಗೆ 1926.

ಓಟದ ದಿನ

ಡಿಸೆಂಬರ್ ಶುರುವಿನಲ್ಲಿ ಇಲ್ಲಿ ಬೆಳಕಾಗುವುದು ಆರೂವರೆ ಹೊತ್ತಿಗೆ, ಕತ್ತಲಾಗುವುದು ಸಂಜೆ ಆರು ದಾಟಿದ ಮೇಲೆ. ಕಿಲೋಮೀಟರಿಗೆ ಸರಾಸರಿ 10 ನಿಮಿಷ ಅಂದರೆ 50ಕ್ಕೆ 8 ಗಂಟೆ 20 ನಿಮಿಷ. ನಿಂತದ್ದು, ತಿಂದದ್ದು, ಕೋಟೆ ನೋಡಿದ್ದು ಸೇರಿ 10 ಗಂಟೆ ಇಟ್ಟುಕೊಳ್ಳಿ. ಐದೂವರೆಗೆ ಹೊರಟರೆ ಮೂರೂವರೆ. ಬೆಳಕು ಮಿಕ್ಕುತ್ತದೆ. ಕತ್ತಲಲ್ಲಿ ಹೊರಡುವ ಮೊದಲ ಗಂಟೆಗೆ ತಲೆಗೆ ಕಟ್ಟುವ ಲೈಟು, ಹೊಳೆಯುವ ಜಾಕೆಟ್ ಎರಡೂ ಬೇಕು. ಮಂಜು ದಟ್ಟವಾಗಿದ್ದರೆ ಲೈಟನ್ನು ಕೈಯಲ್ಲಿ ಸೊಂಟದ ಹತ್ತಿರ ಹಿಡಿಯಿರಿ. ತಲೆಯ ಮೇಲಿದ್ದರೆ ಬೆಳಕೆಲ್ಲ ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ.

ರಸ್ತೆಯ ಬಲಬದಿಯಲ್ಲಿ ಓಡಿ, ಎದುರು ಬರುವ ಗಾಡಿ ಕಾಣಬೇಕು. ಆದರೆ ಬಲಕ್ಕೆ ತಿರುಗುವ ಕುರುಡು ತಿರುವು ಬಂದರೆ, ಒಳಬದಿಯಲ್ಲಿ ಇರುವ ನೀವು ಡ್ರೈವರಿಗೆ ಕಾಣುವುದೇ ಇಲ್ಲ. ತಿರುವಿಗೆ ಮುಂಚೆಯೇ ಹಿಂದೆ ಮುಂದೆ ನೋಡಿ ಎಡಕ್ಕೆ ದಾಟಿ, ತಿರುವು ಕಳೆದ ಮೇಲೆ ಮತ್ತೆ ಬಲಕ್ಕೆ ಬನ್ನಿ. ನಮ್ಮ ಕಡೆಯ ಖಾಸಗಿ ಬಸ್ಸಿನವರಿಗೆ ಟೈಮಿನ ಮೇಲೆ ಎಷ್ಟು ಪ್ರೀತಿ ಅಂತ ಗೊತ್ತಲ್ವಾ? ಹಾರ್ನ್ ಕೇಳಿದರೆ ಇಳಿದು ನಿಂತುಬಿಡಿ. ಕಿವಿಗೆ ಹಾಡು ಬೇಡ.

ಮೊದಲ 15 ಕಿ.ಮೀ. ತೀರಾ ನಿಧಾನ ಅನಿಸಬೇಕು. ಪೂರ್ತಿ ವಾಕ್ಯದಲ್ಲಿ ಮಾತಾಡಿಕೊಂಡು ಓಡುವಷ್ಟು. ಮಾತು ತುಂಡಾಗುತ್ತಿದೆ ಅಂದರೆ ವೇಗ ಜಾಸ್ತಿ ಆಯಿತು. ಗದ್ದೆ ಬಯಲಿನ ಮೇಲೆ ಮಂಜು ನಿಂತಿರುತ್ತದೆ, ಕಾಲಿಗೆ ಹುಮ್ಮಸ್ಸು ಇರುತ್ತದೆ. ಆ ಹುಮ್ಮಸ್ಸನ್ನು ಅಲ್ಲೇ ಖರ್ಚು ಮಾಡಬೇಡಿ.

ಕವಲೇದುರ್ಗದ ತಿರುವಿನಿಂದ ನಗರದವರೆಗೆ ನಡುವಿನ ಭಾಗ. ಮನೆಗಳು ಒಂಟಿ ಒಂಟಿ, ತೋಟದ ಆಳದಲ್ಲಿ. ನೀರು ಬೇಕಾದರೆ ದಣಪೆ (ಬೇಲಿಯ ಗೇಟು) ಹತ್ತಿರ ನಿಂತು "ಅಮ್ಮಾ, ಸ್ವಲ್ಪ ನೀರು ಸಿಗ್ತದಾ?" ಅಂತ ಕೂಗಿ. ಸುಮ್ಮನೆ ಅಂಗಳಕ್ಕೆ ನುಗ್ಗಬೇಡಿ. ಮೊದಲನೆಯದು, ಒಣಗಲು ಹಾಕಿದ ಅಡಿಕೆ ತುಳಿಯುತ್ತೀರಿ. ಎರಡನೆಯದು, ನಾಯಿ. ಓಡುವವನನ್ನು ನಾಯಿ ಅಟ್ಟಿಸಿಕೊಂಡು ಬರುತ್ತದೆ. ನಿಂತರೆ, ನಡೆದರೆ ಸಾಮಾನ್ಯವಾಗಿ ಬೊಗಳಿ ಸುಮ್ಮನಾಗುತ್ತದೆ. ಮನೆಯವರು ಬಂದರೆ ನೀರಿನ ಜೊತೆ ಬೆಲ್ಲದ ಚೂರೂ ಬರುತ್ತದೆ, ಒಂದು ಪ್ರಶ್ನೆಯೂ ಬರುತ್ತದೆ: "ಎಂತಕ್ಕೆ ಓಡ್ತಿದ್ದೀರಿ ಮಾರಾಯ್ರೇ, ಬಸ್ಸು ಇಲ್ವಾ?" ಇದಕ್ಕೆ ಸರಿಯಾದ ಉತ್ತರ ಯಾರ ಹತ್ತಿರವೂ ಇಲ್ಲ. ನಕ್ಕು, ಲೋಟ ತೊಳೆದು ಕೊಟ್ಟು ಹೊರಡಿ.

ಕಾಟಿ ಕಂಡರೆ ನಿಲ್ಲಿ. ಹಿಂದೆ ಸರಿಯಿರಿ, ಅದು ದಾಟುವವರೆಗೆ ಕಾಯಿರಿ. ಮರಿ ಜೊತೆಗಿದ್ದರೆ ಇನ್ನೂ ದೂರ ನಿಲ್ಲಿ. ಸೆಲ್ಫಿ ಹುಚ್ಚು ಬೇಡ. ಕಾಳಿಂಗ ಸರ್ಪ ರಸ್ತೆ ದಾಟುವುದು ಇಲ್ಲಿ ಅಪರೂಪ ಏನಲ್ಲ. ಅದರ ಪಾಡಿಗೆ ಅದು ಹೋಗುತ್ತದೆ, ನೀವೂ ಹಾಗೇ ಇದ್ದರೆ.

ನಗರಕ್ಕೆ ಬಂದಾಗ ಮೂವತ್ತು ದಾಟಿರುತ್ತದೆ. ಇಲ್ಲಿ ಅರ್ಧ ಗಂಟೆ ಖರ್ಚು ಮಾಡಿ. ಕಾಲುಚೀಲ ಬದಲಿಸಿ, ಗಂಜಿ ಕುಡಿಯಿರಿ, ಕೋಟೆಯ ಬಾಗಿಲಿನಿಂದ ಒಳಗೆ ನಡೆದು ಬನ್ನಿ. ಕಾರಿನವರು ಬೇಕಾದರೆ ದೇವಗಂಗೆ ಕೊಳ ನೋಡಿ ಬರಲಿ. ತುಂಬಾ ಹೊತ್ತು ಕೂತರೆ ಮಾತ್ರ ಸ್ನಾಯು ಬಿಗಿದು ಏಳಲು ಆಗುವುದಿಲ್ಲ.

ಮುಂದುವರಿಯಬೇಕೋ ಬೇಡವೋ ಅನ್ನುವ ತೀರ್ಮಾನವನ್ನೂ ಇಲ್ಲೇ ಮಾಡಿ. ಯಾಕೆಂದರೆ ಇಲ್ಲಿ ಬಸ್ಸು ಇದೆ, ಅಂಗಡಿ ಇದೆ. ಸುಸ್ತು, ತೊಡೆ ನೋವು, ಬೊಬ್ಬೆ ಇವು ನಿಲ್ಲಿಸಲು ಕಾರಣ ಅಲ್ಲ. ಒಂದೇ ಕೀಲಿನಲ್ಲಿ ಚುಚ್ಚುವ ನೋವು ಇದ್ದು ಹೆಜ್ಜೆ ಓರೆ ಬೀಳುತ್ತಿದ್ದರೆ ನಿಲ್ಲಿಸಿ. ಎದೆ ಬಿಗಿತ, ತಲೆ ತಿರುಗುವುದು, ಬಿಸಿಲಲ್ಲೂ ಚಳಿ, ಕೇಳಿದ್ದಕ್ಕೆ ಅಸಂಬದ್ಧ ಉತ್ತರ ಇವು ಕಂಡರೆ ಓಟ ಮುಗಿಯಿತು. ನೇರ ಆಸ್ಪತ್ರೆಗೆ. ಇದನ್ನು ಓಡುವವರ ತೀರ್ಮಾನಕ್ಕೆ ಬಿಡಬೇಡಿ, ಕಾರಿನವರೇ ಹೇಳಬೇಕು.

ನಗರದಿಂದ ಹೊಸನಗರದ ಕೊನೆಯ 17 ಕಿ.ಮೀ. ಬಿಸಿಲಿನಲ್ಲಿ. ಇಲ್ಲಿ ಲೆಕ್ಕ ಸುಲಭ ಮಾಡಿಕೊಳ್ಳಿ: ಸಮತಟ್ಟಿನಲ್ಲಿ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಟೋಪಿ ಒದ್ದೆ ಮಾಡಿ ಹಾಕಿಕೊಳ್ಳಿ. ಗದ್ದೆಯ ಕಟ್ಟಿದ ನೀರಿಗೆ ಮಾತ್ರ ಬೊಬ್ಬೆ ಒಡೆದ ಕಾಲು ಇಳಿಸಬೇಡಿ, ಇಲಿ ಜ್ವರ ಬರುವುದು ಅಂಥ ನೀರಿನಿಂದಲೇ. ತಿನ್ನಲು ಮನಸ್ಸು ಬಾರದಿದ್ದರೂ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿ.

ಮುಗಿದ ಮೇಲೆ

ಹೊಸನಗರ ಮುಟ್ಟಿದ ಕೂಡಲೇ ಕೂರಬೇಡಿ, ಹತ್ತು ನಿಮಿಷ ನಡೆಯಿರಿ. ಒಣ ಬಟ್ಟೆ ಹಾಕಿ. ಉಪ್ಪು ಇರುವ ಏನಾದರೂ ಕುಡಿದು, ಒಂದು ಗಂಟೆಯೊಳಗೆ ಊಟ ಮಾಡಿ. ಈಗ ಅಕ್ಕಿ ರೊಟ್ಟಿ ಎಷ್ಟು ಬೇಕಾದರೂ ತಿನ್ನಿ. ಶಿವಮೊಗ್ಗಕ್ಕೆ ಬಸ್ಸು ಇದೆ, ಆದರೆ ಆ ಕಾಲಿನಲ್ಲಿ ಬಸ್ಸಿನ ಮೆಟ್ಟಿಲು ಹತ್ತುವುದನ್ನು ನೋಡಿ ಕಂಡಕ್ಟರ್ ನಗುತ್ತಾರೆ. ಕಾರಿನಲ್ಲೇ ಹೋಗಿ.

ಸ್ನಾನಕ್ಕೆ ಮುಂಚೆ ಉಣುಗು ಹುಡುಕಿ. ಮಂಡಿಯ ಹಿಂದೆ, ತೊಡೆಸಂದು, ಸೊಂಟದ ಪಟ್ಟಿ, ಕಂಕುಳು, ಕಿವಿಯ ಹಿಂದೆ. ಮರಿ ಉಣುಗು ಸಾಸಿವೆಗಿಂತ ಚಿಕ್ಕದು, ಬೆಳಕಿನಲ್ಲಿ ನಿಂತು ನೋಡಿ. ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಜಜ್ಜಬೇಡಿ. ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆ ಹಾಕಿ.

ಅವತ್ತು ರಾತ್ರಿ, ಮರುದಿನ ಮೂತ್ರದ ಬಣ್ಣ ಗಮನಿಸಿ. ಗಾಢ ಹಳದಿ ಆದರೆ ನೀರು ಕಡಿಮೆ ಆಗಿದೆ ಅಷ್ಟೇ. ಕರಿ ಚಹಾದ ಬಣ್ಣ ಬಂದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಇಳಿಯುತ್ತಿದೆ ಅಂತ. ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಒಂದು ವಾರ ಓಡಬೇಡಿ, ನಡೆಯಿರಿ. ಎರಡನೇ ವಾರ ಮನಸ್ಸಾದರೆ ನಾಲ್ಕೈದು ಕಿ.ಮೀ. ಹಗುರ ಓಟ. ಈ ಎರಡು ವಾರದೊಳಗೆ ಜ್ವರ, ಜೋರು ತಲೆನೋವು, ಮೈಕೈ ನೋವು ಬಂದರೆ ಓಟದ ಸುಸ್ತು ಅಂದುಕೊಂಡು ಮಾತ್ರೆ ನುಂಗಿ ಮಲಗಬೇಡಿ. ಉಣುಗು ಕಚ್ಚಿದ ಮೇಲೆ ಮಂಗನ ಕಾಯಿಲೆಯ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 8 ದಿನ, ಇಲಿ ಜ್ವರಕ್ಕೆ ಅದಕ್ಕಿಂತಲೂ ಜಾಸ್ತಿ ದಿನ ಹಿಡಿಯಬಹುದು. ಬೆಂಗಳೂರಿನಿಂದ ಬಂದು ಓಡಿ ಹೋದವರಾದರೆ ಅಲ್ಲಿನ ಡಾಕ್ಟರಿಗೆ ಇದು ತಾನಾಗಿ ಹೊಳೆಯಲಿಕ್ಕಿಲ್ಲ. ಯಾವ ತಾಲ್ಲೂಕಿನಲ್ಲಿ, ಯಾವ ತಾರೀಕು ಓಡಿದಿರಿ, ಉಣುಗು ಕಚ್ಚಿತ್ತಾ, ಗದ್ದೆ ನೀರಿಗೆ ಇಳಿದಿದ್ದಿರಾ ಅನ್ನುವುದನ್ನೆಲ್ಲ ನೀವೇ ಬಾಯಿ ಬಿಟ್ಟು ಹೇಳಿ, ರಕ್ತ ಪರೀಕ್ಷೆ ಮಾಡಿಸಿ.